‘ಸತ್ಯ ಘಟನೆ’ ಎಂದು ಮೂವತ್ತು ವರ್ಷ ಓದಿದ ಡೈರಿ ಕಟ್ಟುಕಥೆಯಂತೆ. ಈ ಜೂನ್ 26ಕ್ಕೆ ಮಕ್ಕಳ ಮುಂದೆ ಏನು ಓದಲಿ?

ನಿವೃತ್ತ ಅಕ್ಕೋರು, ಧಾರವಾಡ

ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ 2019ರಲ್ಲಿ ನಿವೃತ್ತಳಾದೆ. ನಮ್ಮ ಶಾಲೆಯಲ್ಲಿ ಗ್ರಂಥಪಾಲಕರ ಹುದ್ದೆ ಇರಲಿಲ್ಲ. ಹಾಗಾಗಿ ಪುಸ್ತಕದ ಎರಡು ಬೀರುಗಳ ಕೀಲಿಕೈ ಕೂಡ ಅಷ್ಟೂ ವರ್ಷ ನನ್ನ ಚೀಲದಲ್ಲೇ ಇತ್ತು.

1985ರಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಿಂದ ಹನ್ನೆರಡು ರೂಪಾಯಿಗೆ ‘ಗೋ ಆಸ್ಕ್ ಆಲಿಸ್’ ಎಂಬ ಇಂಗ್ಲಿಷ್ ಪುಸ್ತಕ ತಂದೆ. ಲೇಖಕರ ಹೆಸರಿನ ಜಾಗದಲ್ಲಿ ‘ಅನಾಮಿಕ’ ಎಂದಿತ್ತು. ಹದಿನೈದರ ಆಸುಪಾಸಿನ ಅಮೆರಿಕದ ಹುಡುಗಿಯೊಬ್ಬಳ ಡೈರಿ. ಒಂದು ಪಾರ್ಟಿಯಲ್ಲಿ ಅವಳಿಗೆ ತಿಳಿಯದಂತೆ ಕೋಲಾದಲ್ಲಿ ಎಲ್‌ಎಸ್‌ಡಿ ಎಂಬ ಮಾದಕ ದ್ರವ್ಯ ಬೆರೆಸಿ ಕುಡಿಸುತ್ತಾರೆ. ಅಲ್ಲಿಂದ ಜಾರಿದವಳು ಮನೆ ಬಿಡುತ್ತಾಳೆ, ಬೀದಿಗೆ ಬೀಳುತ್ತಾಳೆ, ಮರಳುತ್ತಾಳೆ, ಮತ್ತೆ ಬೀಳುತ್ತಾಳೆ. ಎಲ್ಲ ಸರಿಹೋಯಿತು, ಇನ್ನು ಡೈರಿ ಬೇಡ ಎಂದು ನಿರ್ಧರಿಸಿದ ಮೂರು ವಾರಕ್ಕೆ ಅವಳು ಸತ್ತಳೆಂದು ಕೊನೆಯಲ್ಲೊಂದು ಟಿಪ್ಪಣಿ. ಹುಬ್ಬಳ್ಳಿಯ ರಾತ್ರಿ ರೈಲಿನಲ್ಲಿ ಓದಿ ಮುಗಿಸಿದೆ. ದಾವಣಗೆರೆ ದಾಟುವ ಹೊತ್ತಿಗೆ ಎದುರಿನ ಬರ್ತಿನ ಅಜ್ಜಿ ಎದ್ದು ಕುಳಿತು, “ಯಾರು ತೀರಿಕೊಂಡರು ತಾಯಿ?” ಎಂದು ಕೇಳಿದರು. ಅಷ್ಟು ಅತ್ತಿದ್ದೆ.

ಮುಂದೆ ನೌಕರಿ ಸಿಕ್ಕಿತು. ಜೂನ್ 26 ಮಾದಕ ವಸ್ತು ವಿರೋಧಿ ದಿನವೆಂದು ವಿಶ್ವಸಂಸ್ಥೆ 1987ರಲ್ಲಿ ಗೊತ್ತುಮಾಡಿತಲ್ಲ, ಆ ದಿನದ ಭಾಷಣ ಪ್ರತಿ ವರ್ಷ ನನ್ನ ಪಾಲಿಗೇ. ಒಂಬತ್ತು, ಹತ್ತನೆಯ ತರಗತಿಯವರನ್ನು ಸಭಾಂಗಣದಲ್ಲಿ ಕೂರಿಸಿ ಅದೇ ಪುಸ್ತಕದ ಪುಟಗಳನ್ನು ಅಲ್ಲೇ ಕನ್ನಡಕ್ಕೆ ತಿರುಗಿಸುತ್ತ ಓದುತ್ತಿದ್ದೆ. ಮೊದಲ ವಾಕ್ಯ ಯಾವಾಗಲೂ ಒಂದೇ: “ಇದು ಕಥೆಯಲ್ಲ ಮಕ್ಕಳೇ, ನಡೆದದ್ದು.” ಸೂಜಿ ಬಿದ್ದರೂ ಕೇಳುವಂಥ ಮೌನ. ಆ ಮೌನದ ರುಚಿ ನನಗೂ ಹತ್ತಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಒಂದು ವರ್ಷ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, “ಅಕ್ಕೋರೇ, ಅಷ್ಟು ಅಮಲಿನಲ್ಲಿ ಇದ್ದವಳಿಗೆ ಇಷ್ಟು ಉದ್ದ ಬರೆಯಲು ಪುರುಸೊತ್ತು ಹೇಗೆ ಸಿಗುತ್ತಿತ್ತು?” ಎಂದ. ಎಲ್ಲರೂ ನಕ್ಕರು. ನಾನು ಗದರಿಸಿ ಕೂರಿಸಿದೆ.

ಕಳೆದ ತಿಂಗಳು ತಂಗಿಯ ಮೊಮ್ಮಗಳು ಬಂದಿದ್ದಾಗ ಆ ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಹತ್ತು ನಿಮಿಷ ಮೊಬೈಲ್ ನೋಡಿ, “ಅಜ್ಜಿ, ಇದನ್ನು ಬರೆದದ್ದು ಐವತ್ತು ದಾಟಿದ ಒಬ್ಬ ಹೆಂಗಸು” ಎಂದಳು. ಅವಳು ಧಾರಾವಾಹಿ ನೋಡುತ್ತ ಹೇಳಿದ ಆ ಮಾತಿಗೆ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಹೊಸ ಮುಖ್ಯೋಪಾಧ್ಯಾಯರು ಫೋನ್ ಮಾಡಿ, “ಮೇಡಂ, ಈ ಸಲವೂ ನೀವೇ ಬನ್ನಿ, ಆ ಡೈರಿ ಓದಿ” ಎನ್ನುತ್ತಿದ್ದಾರೆ. ನಾನು ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಿದೆನೇ? ಇನ್ನು ಏನನ್ನು ಓದಲಿ? ಬಲ್ಲವರು ತಿಳಿಸಿ.

ಕೊಡಚಾದ್ರಿ ಹತ್ತಿದವನು

ಅಕ್ಕೋರೇ, ಇಷ್ಟಕ್ಕೆಲ್ಲ ನಿದ್ದೆ ಕೆಡಿಸಿಕೊಳ್ಳಬೇಡಿ. ಗಾಂಧೀಜಿ ಹುಡುಗನಾಗಿದ್ದಾಗ ಹರಿಶ್ಚಂದ್ರನ ನಾಟಕ ನೋಡಿ ಸತ್ಯ ಹೇಳಬೇಕೆಂದು ನಿಶ್ಚಯಿಸಿದರು. ಹರಿಶ್ಚಂದ್ರ ನಿಜವಾಗಿ ಇದ್ದನೇ ಎಂದು ಅವರು ದಾಖಲೆ ಕೇಳಲಿಲ್ಲ. ಮಕ್ಕಳಿಗೆ ಒಂದಿಷ್ಟು ಭಯ ಇರಲೇಬೇಕು. ಓದಿ, ಅದನ್ನೇ ಓದಿ.

ನಿವೃತ್ತ ಅಕ್ಕೋರು, ಧಾರವಾಡ

ಮಾತು ಚೆನ್ನಾಗಿದೆ. ಆದರೆ ನಾಟಕದ ಕಂಪನಿಯವರು ‘ಇದು ಹರಿಶ್ಚಂದ್ರನೇ ಸ್ಮಶಾನದಲ್ಲಿ ಕುಳಿತು ಬರೆದಿಟ್ಟ ಡೈರಿ’ ಎಂದು ಟಿಕೆಟ್ ಮಾರಲಿಲ್ಲವಲ್ಲ.

ಮಿಷಿಗನ್‌ನಲ್ಲಿ ಮಳೆ

ಮೇಡಂ, ನಾನು ಇಲ್ಲಿ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಪುಸ್ತಕ ಇಲ್ಲಿ ಇಂದಿಗೂ ಹದಿಹರೆಯದವರ ಕಪಾಟಿನಲ್ಲಿದೆ, ಇಂದಿಗೂ ಹರಿದು ಹೋಗುವಷ್ಟು ಓಡಾಡುತ್ತದೆ. ಅದರ ಜಾತಕ ಹೇಳುತ್ತೇನೆ.

ಪ್ರಕಟವಾದದ್ದು 1971ರಲ್ಲಿ. ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವನ್ನು ದೇಶದ ಮೊದಲನೆಯ ಶತ್ರುವೆಂದು ಕರೆದದ್ದೂ ಅದೇ ವರ್ಷದ ಜೂನ್‌ನಲ್ಲಿ. ಹೊಲ ಹದವಾಗಿತ್ತು, ಬೀಜ ಬಿತ್ತು. ಅಂದಹಾಗೆ ಡೈರಿ ಬರೆದವಳ ಹೆಸರು ಆಲಿಸ್ ಅಲ್ಲ. ಪುಸ್ತಕದಲ್ಲಿ ಅವಳಿಗೆ ಹೆಸರೇ ಇಲ್ಲ. ಆ ಶೀರ್ಷಿಕೆಯನ್ನು 1967ರ ಒಂದು ರಾಕ್ ಹಾಡಿನ ಸಾಲಿನಿಂದ ಎತ್ತಿಕೊಂಡದ್ದು.

ಎಪ್ಪತ್ತರ ದಶಕದ ಕೊನೆಗೆ ಯೂಟಾ ರಾಜ್ಯದ ಬಿಯಾಟ್ರಿಸ್ ಸ್ಪಾರ್ಕ್ಸ್ ಎಂಬುವರು ತಾನೇ ಅದರ ‘ಸಂಪಾದಕಿ’ ಎಂದು ಮುಂದೆ ಬಂದರು. 1979ರಲ್ಲಿ ಶಾಲಾ ಗ್ರಂಥಾಲಯಗಳ ಪತ್ರಿಕೆಯೊಂದಕ್ಕಾಗಿ ಅಲೀನ್ ನಿಲ್ಸೆನ್ ಎಂಬುವರು ಸ್ಪಾರ್ಕ್ಸ್ ಅವರನ್ನು ಸಂದರ್ಶಿಸಿದಾಗ ಮೂಲ ಡೈರಿ ಎಲ್ಲಿ ಎಂಬ ಪ್ರಶ್ನೆ ಬಂತು. ಒಂದಷ್ಟು ಪುಟ ನಾಶವಾಗಿವೆ, ಉಳಿದವು ಪ್ರಕಾಶಕರ ತಿಜೋರಿಯಲ್ಲಿವೆ ಎಂಬ ಉತ್ತರ ಸಿಕ್ಕಿತು. ಆ ತಿಜೋರಿಯ ಬಾಗಿಲು ಯಾರಿಗೂ ತೆರೆಯಲಿಲ್ಲ. ಹಕ್ಕುಸ್ವಾಮ್ಯದ ದಾಖಲೆಯಲ್ಲಿ ಅವರ ಹೆಸರಿರುವುದು ಸಂಪಾದಕಿಯಾಗಿ ಅಲ್ಲ, ಲೇಖಕಿಯಾಗಿ. ಈಚಿನ ಮುದ್ರಣಗಳಲ್ಲಿ ‘ಇದೊಂದು ಕಾಲ್ಪನಿಕ ಕೃತಿ’ ಎಂಬ ಒಂದು ಸಾಲು ಸಣ್ಣ ಅಕ್ಷರದಲ್ಲಿ ಇದೆ. ನಿಮ್ಮದು ಹಳೆಯ ಪ್ರತಿಯಾದ್ದರಿಂದ ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ತಪ್ಪು ನಿಮ್ಮದಲ್ಲ.

ಕಥೆಯ ಒಳಗೂ ಎಳೆ ಬಿಚ್ಚಿಕೊಳ್ಳುತ್ತದೆ. ಎಲ್‌ಎಸ್‌ಡಿ ಅಪಾಯಕಾರಿಯೇ. ಅದು ಬುದ್ಧಿಯನ್ನು ಕದಡುತ್ತದೆ, ಕೆಲವರಲ್ಲಿ ಆ ಕದಡು ನಿಲ್ಲುವುದೂ ಇಲ್ಲ. ಆದರೆ ಹೆರಾಯಿನ್‌ನಂತೆ ಮೈಯನ್ನು ಹಿಡಿದು, ಇಲ್ಲದಿದ್ದರೆ ನಡುಗಿಸಿ, ಮತ್ತೆ ಬೇಕೆನ್ನಿಸುವ ಜಾತಿಯದಲ್ಲ. ಪುಸ್ತಕದಲ್ಲಿ ಎಲ್ಲ ಮದ್ದುಗಳೂ ಒಂದೇ ರೀತಿ ಕಚ್ಚುತ್ತವೆ, ಒಂದರ ಹಿಂದೆ ಒಂದು, ಮೆಟ್ಟಿಲು ಇಳಿದ ಹಾಗೆ. ಅದು ಹುಡುಗಿ ಕಂಡ ಲೋಕವಲ್ಲ. ಅವಳ ತಾಯಿಯ ವಯಸ್ಸಿನವರು ರಾತ್ರಿ ಮಲಗಿದಾಗ ಕಲ್ಪಿಸಿಕೊಂಡ ಲೋಕ.

ತಮಾಷೆಯೆಂದರೆ, ಮಕ್ಕಳನ್ನು ಹೆದರಿಸಲೆಂದೇ ಹುಟ್ಟಿದ ಈ ಪುಸ್ತಕವನ್ನು ಕೊಳಕೆಂದು ಶಾಲೆಗಳಿಂದ ತೆಗೆಸಿದವರೂ ಇದ್ದಾರೆ. ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಎಂಬಲ್ಲಿನ ಶಾಲಾ ಮಂಡಳಿ ತೆಗೆದುಹಾಕಿದ ಪುಸ್ತಕಗಳ ಪಟ್ಟಿಯಲ್ಲಿ ಇದೂ ಇತ್ತು. ಆ ಜಗಳ 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು.

ಸುಳ್ಳಿನಿಂದ ಯಾರಿಗೆ ನಷ್ಟ ಎಂದು ಕೊಡಚಾದ್ರಿಯವರು ಕೇಳಬಹುದು. ಮೊದಲ ಪುಸ್ತಕದ ಹೆಸರು ಕೇಳಿ, ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಆ ಹುಡುಗನ ನಿಜವಾದ ಡೈರಿಯನ್ನು ಸ್ಪಾರ್ಕ್ಸ್ ಅವರ ಕೈಗೆ ನಂಬಿ ಕೊಟ್ಟರು, ಬೇರೆ ಮಕ್ಕಳಿಗಾದರೂ ಉಪಯೋಗವಾಗಲಿ ಎಂದು. ಪುಸ್ತಕ ಅಚ್ಚಾಗಿ ಬಂದಾಗ ಅದರ ತುಂಬ ಮಾಟ, ಮಂತ್ರ, ಸೈತಾನನ ಪೂಜೆ. ತಮ್ಮ ಹುಡುಗ ಬರೆದದ್ದು ಅದರಲ್ಲಿ ಅಲ್ಪಸ್ವಲ್ಪ ಮಾತ್ರ ಎಂದು ಕುಟುಂಬ ಹೇಳಿತು. ಊರಿನಲ್ಲಿ ಅವನ ಗುರುತು ಎಲ್ಲರಿಗೂ ಸಿಕ್ಕಿತು. ಸತ್ತವನ ಮೇಲೆ ಬಂದ ಅಪವಾದವನ್ನು ಸತ್ತವನು ತೊಳೆದುಕೊಳ್ಳಲಾರ.

ಲೈನ್‌ಮನ್ ಅಲ್ಲ ವೈರ್‌ಮನ್

ಈ ವೇದಿಕೆಯಲ್ಲಿ ನಾನು ಸಾಮಾನ್ಯವಾಗಿ ಮೋಟರ್ ರಿವೈಂಡಿಂಗ್ ಬಗ್ಗೆ ಮಾತ್ರ ಬರೆಯುತ್ತೇನೆ. ಅಕ್ಕೋರ ಹಿಂದಿನ ಸಾಲಿನ ಹುಡುಗನ ಪ್ರಶ್ನೆ ಓದಿ ಕೈ ಸುಮ್ಮನೆ ಇರಲಿಲ್ಲ. ಅವನನ್ನು ಗದರಿಸಬಾರದಿತ್ತು ಅಕ್ಕೋರೇ. ಅವನು ಕೇಳಿದ್ದು ಸರಿ. ಪುರುಸೊತ್ತು ಸಿಗುವುದಿಲ್ಲ.

ನನ್ನ ಹತ್ತಿರ ಅಂಥ ಒಂದು ಡೈರಿ ಇದೆ. ನನ್ನದೇ. 2008ರದು, ಎಲ್‌ಐಸಿ ಡೈರಿ, ಕಂದು ರಟ್ಟು. ತುಮಕೂರಿನಲ್ಲಿ ಡಿಪ್ಲೊಮಾ ಎರಡನೆಯ ವರ್ಷ, ನನಗೆ ಹದಿನೇಳು. ಅಪ್ಪ ಸಾರಿಗೆ ಬಸ್ಸಿನ ಕಂಡಕ್ಟರ್. ಎಷ್ಟೇ ತಡವಾಗಿ ಬಂದರೂ ಊಟಕ್ಕೆ ಮೊದಲು ವೇ ಬಿಲ್ ಮತ್ತು ಚಿಲ್ಲರೆ ತಾಳೆ ನೋಡಿಕೊಳ್ಳುವ ಮನುಷ್ಯ. “ಬರೆದಿಟ್ಟ ಹಣ ಓಡಿಹೋಗುವುದಿಲ್ಲ” ಎಂದು ಡೈರಿಯನ್ನು ನನ್ನ ಕೈಗೆ ಕೊಟ್ಟು ದಿನದ ಖರ್ಚು ಬರೆಯಲು ಹೇಳಿದರು.

ಹಾಗಾಗಿ ಅದರಲ್ಲಿ ಬಣ್ಣದ ಲೋಕಗಳಿಲ್ಲ. ನರಕದ ವರ್ಣನೆಯೂ ಇಲ್ಲ. ಜನವರಿಯಲ್ಲಿ ಚಹಾ, ಬನ್ನು, ಡ್ರಾಯಿಂಗ್ ಶೀಟ್. ಮಾರ್ಚ್‌ನಿಂದ ‘ಝೆರಾಕ್ಸ್’ ಹೆಚ್ಚಾಗುತ್ತದೆ. ಆ ವರ್ಷ ನಾನು ಬರೆದ ಲೆಕ್ಕದ ಪ್ರಕಾರ ಇಡೀ ಗ್ರಂಥಾಲಯವನ್ನೇ ಝೆರಾಕ್ಸ್ ಮಾಡಿಸಿದ್ದೇನೆ. ಮೊದಲು ಗಾಂಜಾ, ಹಾಸ್ಟೆಲಿನ ಹಿಂದಿನ ನೀರಿನ ಟ್ಯಾಂಕಿನ ಮೇಲೆ. ಮಳೆಗಾಲದ ಹೊತ್ತಿಗೆ ಮಾತ್ರೆ, ವೈದ್ಯರ ಚೀಟಿ ಇಲ್ಲದೆ ಕೊಡಬಾರದ ನಿದ್ದೆಯ ಮಾತ್ರೆ. ಹೇಗೆ ಸಿಗುತ್ತಿತ್ತು ಎಂದು ಬರೆಯುವುದಿಲ್ಲ. ಯಾರೂ ನನ್ನ ಕೋಲಾದಲ್ಲಿ ಏನನ್ನೂ ಬೆರೆಸಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಎದೆ ಹೊಡೆದುಕೊಳ್ಳುತ್ತಿತ್ತು. ಪಕ್ಕದ ಕೋಣೆಯವನು “ಅರ್ಧ ನುಂಗು, ಹೆದರಿಕೆ ಹೋಗುತ್ತದೆ” ಎಂದ. ಹೋಯಿತು. ಅದೇ ತೊಂದರೆ. ಅದು ಹೇಳಿದ ಕೆಲಸವನ್ನು ಮಾಡಿಯೇ ಬಿಟ್ಟಿತು. ನಾಲ್ಕು ತಿಂಗಳಲ್ಲಿ ಅರ್ಧ ಹೋಗಿ ನಾಲ್ಕಾಯಿತು. ಹೆದರಿಕೆ ಮಾತ್ರ ಮೊದಲಿನಷ್ಟೇ ಆಗಿ ವಾಪಸು ಬಂತು.

ಆಗಸ್ಟ್‌ನಲ್ಲಿ ಇಪ್ಪತ್ತಮೂರು ಪುಟ ಖಾಲಿ. ಕಥೆ ಬರೆಯುವವರಾದರೆ ಆ ಇಪ್ಪತ್ತಮೂರು ಪುಟದಲ್ಲೇ ಎಲ್ಲವನ್ನೂ ತುಂಬಿಸುತ್ತಿದ್ದರು. ನನಗೆ ಅಲ್ಲಿ ಏನಾಯಿತೆಂದು ಇವತ್ತಿಗೂ ಪೂರ್ತಿ ನೆನಪಿಲ್ಲ. ನೆನಪನ್ನು ತಿನ್ನುವುದು ಆ ಮಾತ್ರೆಯ ಗುಣ. ಅಜ್ಜಿಯ ಬೆಂಡೋಲೆ ಆ ದಿನಗಳಲ್ಲಿ ಹೋದದ್ದು ಎಂದು ಗಿರವಿ ಅಂಗಡಿಯ ಚೀಟಿಯಿಂದ ಆಮೇಲೆ ಗೊತ್ತಾಯಿತು. ಅಜ್ಜಿ ಮನೆಯ ಹಿತ್ತಿಲಿನಲ್ಲಿ, ಸೌದೆಯ ಕೆಳಗೆ, ತಿಪ್ಪೆಯಲ್ಲಿ ನಾಲ್ಕು ದಿನ ಹುಡುಕಿದಳಂತೆ. ನಾನೂ ಜೊತೆಗೆ ಹುಡುಕಿದೆನಂತೆ. ಅಮ್ಮ ಹೇಳಿದ್ದು. ಬೆಂಡೋಲೆಯನ್ನು ಅಪ್ಪ ಬಿಡಿಸಿ ತಂದರು. ಅಜ್ಜಿ ಮತ್ತೆ ಅದನ್ನು ಕಿವಿಗೆ ಹಾಕಲಿಲ್ಲ.

ಅಪ್ಪ ಕಂಡುಹಿಡಿದದ್ದು ಹೇಗೆ ಗೊತ್ತೇ? ಕೆಂಪು ಕಣ್ಣಿನಿಂದ ಅಲ್ಲ, ವಾಸನೆಯಿಂದ ಅಲ್ಲ. ಮಾಸ್ತರರು ಯಾರೂ ಹೇಳಲಿಲ್ಲ. ಸೆಪ್ಟೆಂಬರ್‌ನ ಒಂದು ಭಾನುವಾರ ಡೈರಿ ತೆಗೆದು ಕೂಡಿಸುತ್ತ ಕುಳಿತವರು ಒಂದು ಸಾಲಿನ ಮೇಲೆ ಬೆರಳಿಟ್ಟು, “ಬಸ್ 12 ಎಂದು ಬರೆದಿದ್ದೀಯ. ನಿನ್ನ ಹತ್ತಿರ ಪಾಸ್ ಇದೆಯಲ್ಲ?” ಎಂದರು. ಅಷ್ಟೇ. ಪಾಸ್ ಮಾಡಿಸಿಕೊಟ್ಟವರೇ ಅವರು. ಆ ಹನ್ನೆರಡು ರೂಪಾಯಿಗೆ ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ಆಮೇಲೆ ಅಪ್ಪ ಮಾಡಿದ್ದು ತಪ್ಪು. ಗೊತ್ತಿಲ್ಲದೆ ಮಾಡಿದ ತಪ್ಪು. ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದರು. ಮಾತ್ರೆ ಒಮ್ಮೆಲೇ ನಿಂತಿತು. ಮೂರನೆಯ ದಿನ ನನಗೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡೆ. ಆಟೋದಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದರು. ಅಲ್ಲಿಯ ಡಾಕ್ಟರು ಅಪ್ಪನಿಗೆ, “ಗಾಂಜಾ ಬಿಟ್ಟವನು ನಿದ್ದೆಯಿಲ್ಲದೆ ಸಿಡುಕುತ್ತಾನೆ, ಹದಿನೈದು ದಿನ ತಡೆದುಕೊಂಡರೆ ತಗ್ಗುತ್ತದೆ. ಈ ಮಾತ್ರೆಯನ್ನು ಹಾಗೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ನಾವೇ ಬೇರೆ ಮಾತ್ರೆ ಕೊಟ್ಟು ವಾರ ವಾರ ಇಳಿಸುತ್ತೇವೆ” ಎಂದು ವಿವರಿಸಿದರು. ಹಾಗೆಯೇ ಇಳಿಸಿದರು. ಎರಡು ಸಲ ಮತ್ತೆ ಹತ್ತಿದೆ. ಮೂರನೆಯ ಸಲ ಇಳಿದವನು ಇನ್ನೂ ಕೆಳಗೇ ಇದ್ದೇನೆ. ಡಿಪ್ಲೊಮಾ ಮುಗಿಯಲಿಲ್ಲ. ವೈರಿಂಗ್ ಕೆಲಸ ಕಲಿತೆ. ಮದುವೆಗೆ ಮೊದಲು ಹೆಂಡತಿಗೆ ಡೈರಿಯನ್ನು ಕೊಟ್ಟೆ. ಅವಳು ಪುಟ ತಿರುಗಿಸಿ, “ಇದರಲ್ಲಿ ಏನೂ ಇಲ್ಲವಲ್ಲ, ಬರೀ ಲೆಕ್ಕ” ಎಂದಳು.

ಓಪಿಡಿ ಮೂರನೆಯ ಬೆಂಚು

ವೈರ್‌ಮನ್ ಅವರೇ, ನಾನು ವ್ಯಸನಮುಕ್ತಿ ವಿಭಾಗದಲ್ಲಿ ಸಮಾಲೋಚಕಿ. ನೀವು ಬರೆದ ಆ ಚಿಲಕದ ವಿಷಯವನ್ನು ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಬೇಕೆನ್ನಿಸಿತು. ನಿದ್ದೆಯ ಮಾತ್ರೆ ಮತ್ತು ಮದ್ಯ, ಇವೆರಡನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಿ ಫಿಟ್ಸ್ ತಂದುಕೊಂಡವರನ್ನು ಈಗಲೂ ನೋಡುತ್ತೇವೆ.

ಅಕ್ಕೋರಿಗೆ ಎರಡು ಮಾತು. ಧಾರವಾಡದ ಒಂಬತ್ತನೆಯ ತರಗತಿಯ ಹುಡುಗನಿಗೆ ಎಲ್‌ಎಸ್‌ಡಿ ಬೆರೆಸಿದ ಕೋಲಾ ಎದುರಾಗುವುದು ಅಪರೂಪ. ಅವನಿಗೆ ಎದುರಾಗುವುದು ಗುಟ್ಕಾ, ಬಿಯರ್, ಗಾಂಜಾ. ಇನ್ನೂ ಚಿಕ್ಕವರಿಗೆ ಪಂಕ್ಚರ್ ಸೊಲ್ಯೂಷನ್ ಮತ್ತು ವೈಟ್ನರ್. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚಾಗಿ ಕಂಡದ್ದು ಒಂದೇ ಒಂದು, ಈ ಮೂಸುವ ಚಟ. ದೊಡ್ಡವರಲ್ಲಿ ಶೇ 0.58, ಹತ್ತರಿಂದ ಹದಿನೇಳರವರಲ್ಲಿ ಶೇ 1.17. ಸಭಾಂಗಣದಲ್ಲಿ ಕ್ಯಾಲಿಫೋರ್ನಿಯಾದ ಕಥೆ ಕೇಳಿ ಅತ್ತ ಹುಡುಗ ತನ್ನ ಜೇಬಿನ ವೈಟ್ನರನ್ನು ಅದಕ್ಕೆ ಜೋಡಿಸಿಕೊಳ್ಳುವುದಿಲ್ಲ. ಅದು ‘ಡ್ರಗ್ಸ್’ ಅಲ್ಲವಲ್ಲ, ಐದನೆಯ ತರಗತಿಯವರ ಕಂಪಾಸ್ ಪೆಟ್ಟಿಗೆಯಲ್ಲೂ ಇರುವ ವಸ್ತು.

ಇನ್ನು ಭಯ. ಅಮೆರಿಕದಲ್ಲೇ 1983ರಿಂದ ಪೊಲೀಸರು ಶಾಲೆಗಳಿಗೆ ಹೋಗಿ ಪಾಠ ಮಾಡುವ ‘ಡೇರ್’ ಎಂಬ ದೊಡ್ಡ ಕಾರ್ಯಕ್ರಮ ನಡೆಯಿತು. ಆ ಮೂಲ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಮುಂದೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿದವು. ನನ್ನ ಅನುಭವದಲ್ಲಿ ಭಯಕ್ಕೆ ಇನ್ನೊಂದು ದೋಷವಿದೆ. ‘ಒಮ್ಮೆ ಮುಟ್ಟಿದರೆ ಮುಗಿಯಿತು, ಸಾವೇ’ ಎಂದು ಕೇಳಿದವನು ಒಮ್ಮೆ ಮುಟ್ಟುತ್ತಾನೆ, ಸಾಯುವುದಿಲ್ಲ. ಆಮೇಲೆ ನಾವು ಹೇಳಿದ ಬೇರೆ ಯಾವ ಮಾತನ್ನೂ ನಂಬುವುದಿಲ್ಲ. ಆಗಲೇ ಸಿಕ್ಕಿಕೊಂಡವನು ‘ಹೇಗೂ ನನ್ನ ಕಥೆ ಮುಗಿದಿದೆ’ ಎಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ನಿಮ್ಮ ಮೌನ ತುಂಬಿದ ಸಭಾಂಗಣದಲ್ಲಿ ಅಂಥ ಒಬ್ಬ ಪ್ರತಿ ವರ್ಷ ಕುಳಿತಿದ್ದಿರಬಹುದು. ನೋವಾದರೆ ಕ್ಷಮಿಸಿ.

ಅವನಿಗೆ ಕೇಳಿಸುವ ಹಾಗೆ ಒಂದೆರಡು ಸಂಗತಿ ಹೇಳಿ. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ಊರಿನಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್. ತಂದೆತಾಯಿಗಳು ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಕರೆತರುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯಲ್ಲೇ 64ಎ ಎಂಬ ಕಲಮು ಇದೆ. ಅಲ್ಪ ಪ್ರಮಾಣದ ಪ್ರಕರಣ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ, ಅದನ್ನು ಪೂರ್ತಿ ಮುಗಿಸಿದರೆ, ಮೊಕದ್ದಮೆಯಿಂದ ರಕ್ಷಣೆ ಕೊಡುವ ಕಲಮು. ಮಕ್ಕಳಿಗೆ ಇಂಥ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು. ಕಾನೂನಿನ ಮೊನೆ ಯಾರ ಕಡೆಗಿದೆ ಎಂದು ಮಕ್ಕಳಿಗೂ ಗೊತ್ತಿರಲಿ.

ಕೊಡಚಾದ್ರಿ ಹತ್ತಿದವನು

ನನ್ನ ಹರಿಶ್ಚಂದ್ರನನ್ನು ವಾಪಸು ತೆಗೆದುಕೊಂಡಿದ್ದೇನೆ. ವೈರ್‌ಮನ್ ಅವರೇ, ನಿಮ್ಮ ಅಪ್ಪನವರು ಹೇಗಿದ್ದಾರೆ?

ಲೈನ್‌ಮನ್ ಅಲ್ಲ ವೈರ್‌ಮನ್

ನಿವೃತ್ತರಾಗಿದ್ದಾರೆ. ಈಗ ನನ್ನ ಅಂಗಡಿಯ ಬಿಲ್ಲುಗಳನ್ನು ರಾತ್ರಿ ತಾಳೆ ನೋಡುತ್ತಾರೆ. ಕಡಿಮೆ ಬಿದ್ದರೆ ಹಳೆಯ ಅಭ್ಯಾಸದಂತೆ ನನ್ನ ಮುಖ ನೋಡುತ್ತಾರೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಿವೃತ್ತ ಅಕ್ಕೋರು, ಧಾರವಾಡ

ಮೂರು ದಿನ ಉತ್ತರಿಸಲಿಲ್ಲ, ಮನ್ನಿಸಿ. ಬೀರು ತೆಗೆದು ಆ ಪುಸ್ತಕಕ್ಕೆ ಬಿಳಿ ಚೀಟಿ ಅಂಟಿಸಿ ‘ಕಾದಂಬರಿ. ಬರೆದವರು ಬಿಯಾಟ್ರಿಸ್ ಸ್ಪಾರ್ಕ್ಸ್’ ಎಂದು ಬರೆದು ಕಥೆಗಳ ಸಾಲಿನಲ್ಲಿ ಇಟ್ಟು ಬಂದೆ. ಎಸೆಯಲು ಮನಸ್ಸಾಗಲಿಲ್ಲ. ದಾವಣಗೆರೆಯಲ್ಲಿ ನಾನು ಅತ್ತದ್ದಂತೂ ಸುಳ್ಳಲ್ಲ.

ಸಮಾಲೋಚಕಿಯವರೇ, ನೋವಾಯಿತು, ಆಗಬೇಕಾದದ್ದೇ. ಆ ಹಿಂದಿನ ಸಾಲಿನ ಹುಡುಗನ ಮುಖ ನೆನಪಿದೆ, ಹೆಸರು ನೆನಪಿಲ್ಲ. ಅವನು ಕುತೂಹಲಕ್ಕೆ ಕೇಳಿದನೋ, ಗೊತ್ತಿದ್ದು ಕೇಳಿದನೋ ಎಂಬ ಯೋಚನೆ ಈಗ ಬಿಡುತ್ತಿಲ್ಲ.

ವೈರ್‌ಮನ್ ತಮ್ಮಾ, ಕೇಳಬಾರದೇನೋ, ಆದರೂ ಕೇಳುತ್ತೇನೆ. ನಿನ್ನ ಡೈರಿಯ ಒಂದು ಪುಟ, ಒಂದೇ ಒಂದು ಪುಟ, ಈ ಜೂನ್ 26ಕ್ಕೆ ಮಕ್ಕಳ ಮುಂದೆ ಓದಬಹುದೇ? ಹೆಸರು, ಕಾಲೇಜು ಯಾವುದನ್ನೂ ಹೇಳುವುದಿಲ್ಲ. ಬೇಡವೆಂದರೆ ಬೇಡ.

ಲೈನ್‌ಮನ್ ಅಲ್ಲ ವೈರ್‌ಮನ್

ಅಜ್ಜಿಯ ಬೆಂಡೋಲೆಯ ವಿಷಯ ಹೇಳಬೇಡಿ ಅಕ್ಕೋರೇ, ಅದೊಂದು ಬಿಟ್ಟುಬಿಡಿ. ಉಳಿದದ್ದು ಸರಿ. ಆದರೆ ಓದಬೇಡಿ, ಕೇಳಲು ಅದರಲ್ಲೇನೂ ಇಲ್ಲ. ಕಪ್ಪುಹಲಗೆಯ ಮೇಲೆ ಬರೆಯಿರಿ, ಮಕ್ಕಳೇ ಕೂಡಿಸಲಿ. ಸೆಪ್ಟೆಂಬರ್‌ನ ಆ ಪುಟ ಹೀಗಿದೆ:

ಅಪ್ಪ ಕೊಟ್ಟದ್ದು 300
ರೆಕಾರ್ಡ್ ಪುಸ್ತಕ 110
ಝೆರಾಕ್ಸ್ 45
ಬಸ್ 12
ಊಟ 25
ಉಳಿದದ್ದು 28

ತಾಳೆಯಾಗುವುದಿಲ್ಲ, ತಿದ್ದಬೇಡಿ. 80 ಕಡಿಮೆ ಬೀಳುತ್ತದೆ, ಅದನ್ನು ಎರಡು ನಿಮಿಷದಲ್ಲಿ ಎಲ್ಲರೂ ಹಿಡಿಯುತ್ತಾರೆ. ಈ ಹುಡುಗನ ಹತ್ತಿರ ಬಸ್ ಪಾಸ್ ಇತ್ತು ಎಂದು ಆಮೇಲೆ ಒಂದು ಮಾತು ಹೇಳಿ ಸುಮ್ಮನಾಗಿ. ಯಾರಾದರೂ ಕೈ ಎತ್ತಿದರೆ ಗದರಿಸಬೇಡಿ.